ಪುರಾತನ ಪಿಸ್ತೂಲುಗಳ ಮೂಲಶೋಧನೆ

ಪುರಾತನ ಪಿಸ್ತೂಲುಗಳ ಮೂಲಶೋಧನೆ ಎಂದರೆ ವಂಶಪಾರಂಪರ್ಯವಾಗಿ ಬಂದ ಅಥವಾ ಹಳೆಯ ಸಂಗ್ರಹವೊಂದರಲ್ಲಿ ದೊರೆತ ಪಿಸ್ತೂಲು ಎಲ್ಲಿ, ಯಾವಾಗ ಮತ್ತು ಯಾರಿಂದ ತಯಾರಾಯಿತು, ಯಾರ ಯಾರ ಕೈ ದಾಟಿ ಈಗಿನ ಒಡೆಯರನ್ನು ತಲುಪಿತು ಎಂಬುದನ್ನು ಸಾಕ್ಷ್ಯಾಧಾರಗಳಿಂದ ನಿರ್ಧರಿಸುವ ಕ್ರಮ. ಆಯುಧದ ರಚನೆ, ಲೋಹದ ಮೇಲಿನ ಮುದ್ರೆಗಳು, ಕೆತ್ತಿದ ಹೆಸರುಗಳು, ಕ್ರಮಸಂಖ್ಯೆ ಹಾಗೂ ಲಿಖಿತ ದಾಖಲೆಗಳು ಇದರ ಮುಖ್ಯ ಆಧಾರಗಳು. ಮನೆತನದಲ್ಲಿ ಹೇಳಿಕೊಂಡು ಬಂದ ಕಥನವೂ ಒಂದು ಆಧಾರವೇ ಆದರೂ ಉಳಿದ ಆಧಾರಗಳೊಡನೆ ಹೊಂದಿದಾಗ ಮಾತ್ರ ಅದಕ್ಕೆ ಬೆಲೆ ಬರುತ್ತದೆ.

ಮೂಲಶೋಧನೆಯಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ಮೊದಲನೆಯದು ತಯಾರಿಕೆಯದು, ಎರಡನೆಯದು ಒಡೆತನದ್ದು. ಮೊದಲ ಪ್ರಶ್ನೆಗೆ ಸಾಮಾನ್ಯವಾಗಿ ಆಯುಧವೇ ಉತ್ತರ ಕೊಡುತ್ತದೆ. ಎರಡನೆಯ ಪ್ರಶ್ನೆಗೆ ಉತ್ತರ ಬಹುತೇಕ ಕಾಗದಪತ್ರಗಳಲ್ಲಿರುತ್ತದೆ. ಒಂದು ಪ್ರಶ್ನೆಯ ಉತ್ತರವನ್ನು ಇನ್ನೊಂದರ ಉತ್ತರವೆಂದು ಭಾವಿಸುವುದು ಈ ಕ್ಷೇತ್ರದಲ್ಲಿ ಅತ್ಯಂತ ಸಾಮಾನ್ಯವಾದ ದೋಷ. ಪಿಸ್ತೂಲಿನ ಮೇಲೆ ಲಂಡನ್ನಿನ ಮುದ್ರೆ ಇದ್ದರೆ ಅದು ಲಂಡನ್ನಿನಲ್ಲಿ ಪರೀಕ್ಷೆಗೊಳಗಾಯಿತೆಂದು ತಿಳಿಯುತ್ತದೆಯೇ ಹೊರತು, ಅದನ್ನು ಸೊಂಟದಲ್ಲಿ ಧರಿಸಿದವರು ಯಾರೆಂದು ತಿಳಿಯುವುದಿಲ್ಲ.

ಪರಿಶೀಲನೆಗೆ ಮುನ್ನ

ಹಳೆಯ ಪಿಸ್ತೂಲು ಕೈಗೆ ಬಂದಾಗ ಅದು ತುಂಬಿದ ಸ್ಥಿತಿಯಲ್ಲಿದೆ ಎಂದೇ ಭಾವಿಸಬೇಕು. ಬಾಯಿಯ ಕಡೆಯಿಂದ ಮದ್ದು ತುಂಬುವ ಆಯುಧಗಳಲ್ಲಿ ಮದ್ದು ಮತ್ತು ಗುಂಡು ನಳಿಗೆಯ ತಳದಲ್ಲಿ ಉಳಿದಿದ್ದರೆ ಹೊರಗಿನಿಂದ ಕಾಣುವುದಿಲ್ಲ. ಕರಿಮದ್ದು ಒಣಗಿದ್ದಲ್ಲಿ ನೂರಾರು ವರ್ಷಗಳ ನಂತರವೂ ಸಿಡಿಯಬಲ್ಲದು. ತೆಳುವಾದ ಮರದ ಕಡ್ಡಿಯನ್ನು ನಳಿಗೆಯೊಳಗೆ ಇಳಿಸಿ, ಅದು ಇಳಿದ ಉದ್ದವನ್ನು ನಳಿಗೆಯ ಹೊರಮೈಯ ಉದ್ದದೊಡನೆ ಹೋಲಿಸಿದರೆ ಒಳಗೆ ಏನಾದರೂ ಇದೆಯೇ ಎಂಬುದು ಗೊತ್ತಾಗುತ್ತದೆ. ಈ ಪರೀಕ್ಷೆಯನ್ನೂ, ತುಂಬಿದ ಮದ್ದನ್ನು ತೆಗೆಯುವ ಕೆಲಸವನ್ನೂ ಪರವಾನಗಿ ಪಡೆದ ಕೋವಿ ರಿಪೇರಿಗಾರರು ಮಾಡುವುದು ಕ್ಷೇಮ.

ಪರಿಶೀಲನೆ ಮುಗಿಯುವವರೆಗೆ ಆಯುಧವನ್ನು ಉಜ್ಜಿ ತೊಳೆಯಬಾರದು. ಮರಳುಕಾಗದ, ಹುಣಸೆಹುಳಿ, ಹಿತ್ತಾಳೆಗೆ ಬಳಸುವ ಪಾಲಿಶ್ ಮುಂತಾದವು ತುಕ್ಕಿನ ಜೊತೆಗೆ ಆಳವಿಲ್ಲದ ಮುದ್ರೆಗಳನ್ನೂ ಅಳಿಸಿಹಾಕುತ್ತವೆ. ಲೋಹದ ಮೇಲೆ ಕಾಲಕ್ರಮದಲ್ಲಿ ಕೂಡಿದ ಕಂದು ಪದರವೂ ಒಂದು ಸಾಕ್ಷ್ಯ. ಎಲ್ಲ ಭಾಗಗಳಲ್ಲಿ ಅದು ಒಂದೇ ಬಗೆಯಾಗಿದ್ದರೆ ಆ ಭಾಗಗಳು ಬಹುಕಾಲ ಒಟ್ಟಿಗಿದ್ದುವೆಂದು ಊಹಿಸಬಹುದು. ಒಂದು ಭಾಗ ಮಾತ್ರ ಬೇರೆಯಾಗಿ ಹೊಳೆಯುತ್ತಿದ್ದರೆ ಅದು ನಂತರ ಬದಲಾದದ್ದಿರಬಹುದು. ಪಕ್ಕದಿಂದ ಬೆಳಕು ಬೀಳುವಂತೆ ಇಟ್ಟು ತೆಗೆದ ಛಾಯಾಚಿತ್ರಗಳಲ್ಲಿ ಸವೆದ ಅಕ್ಷರಗಳು ಬರಿಗಣ್ಣಿಗಿಂತ ಚೆನ್ನಾಗಿ ಕಾಣುತ್ತವೆ.

ಸಿಡಿಸುವ ಯಂತ್ರದಿಂದ ಕಾಲನಿರ್ಣಯ

ಮದ್ದಿಗೆ ಬೆಂಕಿ ತಗುಲಿಸುವ ವಿಧಾನವು ಆಯುಧದ ಕಾಲವನ್ನು ಸ್ಥೂಲವಾಗಿ ತಿಳಿಸುತ್ತದೆ. ಉರಿಯುವ ಬತ್ತಿಯನ್ನು ಬಳಸುವ ಕೋವಿಗಳು ಎಲ್ಲಕ್ಕಿಂತ ಹಳೆಯವು. ಭಾರತದಲ್ಲಿ ಅವು 19ನೆಯ ಶತಮಾನದವರೆಗೂ ಬಳಕೆಯಲ್ಲಿದ್ದವು. ಆದರೆ ಉರಿಯುವ ಬತ್ತಿಯನ್ನು ಸೊಂಟದಲ್ಲಿ ಇರಿಸಿಕೊಳ್ಳುವಂತಿಲ್ಲವಾದ್ದರಿಂದ ಪಿಸ್ತೂಲುಗಳಲ್ಲಿ ಈ ವಿಧಾನ ವಿರಳ. ಯೂರೋಪಿನಲ್ಲಿ 16ನೆಯ ಶತಮಾನದಲ್ಲಿ ಬಂದ ಚಕ್ರಯಂತ್ರವು ಪಿಸ್ತೂಲನ್ನು ವ್ಯಾವಹಾರಿಕ ಆಯುಧವಾಗಿಸಿತು. 17ನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನಲ್ಲಿ ರೂಪುಗೊಂಡ ಚಕಮಕಿ ಯಂತ್ರವು ಸುಮಾರು ಇನ್ನೂರು ವರ್ಷ ಆಳಿತು.

ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತ್ 1807ರಲ್ಲಿ ಹೊಡೆತಕ್ಕೆ ಸಿಡಿಯುವ ರಾಸಾಯನಿಕದ ಬಳಕೆಗೆ ಪೇಟೆಂಟ್ ಪಡೆದರು. ಅದರಿಂದ ಬೆಳೆದ ತಾಮ್ರದ ಕೇಪು 1820ರ ದಶಕದಿಂದ ವ್ಯಾಪಕವಾಯಿತು. ಮಲೆನಾಡಿನಲ್ಲಿ ಕೇಪಿನ ಕೋವಿ ಎಂದು ಕರೆಯುವ ಆಯುಧಗಳು ಈ ತತ್ತ್ವವನ್ನೇ ಅನುಸರಿಸುತ್ತವೆ. ಸ್ಯಾಮ್ಯುಯೆಲ್ ಕೋಲ್ಟ್ 1836ರಲ್ಲಿ ಅಮೆರಿಕದಲ್ಲಿ ರಿವಾಲ್ವರಿಗೆ ಪೇಟೆಂಟ್ ಪಡೆದರು. ಪಕ್ಕದಲ್ಲಿ ಸಣ್ಣ ಮೊಳೆಯಿರುವ ತೋಟಾಗಳನ್ನು ಬಳಸುವ ಲೆಫೋಶೆ ಮಾದರಿಯ ರಿವಾಲ್ವರುಗಳು 19ನೆಯ ಶತಮಾನದ ಮಧ್ಯಭಾಗದವು. ತಾನೇ ತೋಟಾ ಬದಲಿಸಿಕೊಳ್ಳುವ ಪಿಸ್ತೂಲುಗಳು 1890ರ ದಶಕದಲ್ಲಿ ಬಂದವು.

ಈ ಅನುಕ್ರಮವನ್ನು ಬಳಸುವಾಗ ಒಂದು ಎಚ್ಚರ ಅಗತ್ಯ. ಕೇಪು ಬಂದ ಮೇಲೆ ಅಸಂಖ್ಯ ಚಕಮಕಿ ಪಿಸ್ತೂಲುಗಳನ್ನು ಹೊಸ ವಿಧಾನಕ್ಕೆ ಪರಿವರ್ತಿಸಲಾಯಿತು. ಯಂತ್ರವನ್ನು ಹೊತ್ತ ಫಲಕದಲ್ಲಿ ಮುಚ್ಚಿದ ತೂತುಗಳು ಅಥವಾ ಮದ್ದಿನ ತಟ್ಟೆಯನ್ನು ಅರೆದು ತೆಗೆದ ಗುರುತು ಕಂಡುಬಂದರೆ ಆಯುಧವು ಅದರ ಈಗಿನ ರೂಪಕ್ಕಿಂತ ಹಳೆಯದು. ನಳಿಗೆ, ಯಂತ್ರ, ಮರದ ಹಿಡಿ ಇವುಗಳಿಗೆ ಪ್ರತ್ಯೇಕ ಕಾಲಗಳಿರುವುದು ಅಪರೂಪವಲ್ಲ. ಹೀಗಾಗಿ ಪ್ರತಿಯೊಂದು ಭಾಗದ ಕಾಲವನ್ನೂ ಬೇರೆಯಾಗಿಯೇ ನಿರ್ಧರಿಸಬೇಕು.

ಪರೀಕ್ಷಾ ಮುದ್ರೆಗಳು

ನಳಿಗೆಯಲ್ಲಿ ಸಾಮಾನ್ಯಕ್ಕಿಂತ ಹೆಚ್ಚು ಮದ್ದು ತುಂಬಿ ಸಿಡಿಸಿ, ಅದು ಒಡೆಯದೆ ಉಳಿದರೆ ಅಧಿಕೃತ ಗುರುತು ಒತ್ತುವ ಪದ್ಧತಿ ಯೂರೋಪಿನ ಹಲವು ದೇಶಗಳಲ್ಲಿದೆ. ಈ ಗುರುತುಗಳನ್ನು ಪರೀಕ್ಷಾ ಮುದ್ರೆಗಳೆನ್ನುತ್ತಾರೆ. ಇವು ಸಾಮಾನ್ಯವಾಗಿ ನಳಿಗೆಯ ಹಿಂಭಾಗದಲ್ಲಿ, ಕೆಲವೊಮ್ಮೆ ಮರದೊಳಗೆ ಮುಚ್ಚಿಹೋಗುವ ತಳಭಾಗದಲ್ಲಿ ಇರುತ್ತವೆ.

ಲಂಡನ್: ಕೋವಿ ತಯಾರಕರ ಸಂಘಕ್ಕೆ 1637ರಲ್ಲಿ ರಾಜಸನದು ದೊರೆಯಿತು. ಕಿರೀಟದ ಕೆಳಗೆ ಹೆಣೆದುಕೊಂಡ ರೋಮನ್ ಲಿಪಿಯ ಜಿ ಮತ್ತು ಪಿ ಅಕ್ಷರಗಳು ಅದರ ಪರೀಕ್ಷಾ ಗುರುತು. ಕಿರೀಟದ ಕೆಳಗಿನ ವಿ ಅಕ್ಷರವು ತಪಾಸಣೆಯ ಗುರುತು.

ಬರ್ಮಿಂಗ್‌ಹ್ಯಾಮ್: ಇಲ್ಲಿನ ಪರೀಕ್ಷಾಗೃಹವು 1813ರ ಸಂಸದೀಯ ಕಾಯಿದೆಯಿಂದ ಸ್ಥಾಪನೆಯಾಯಿತು. ಕಿರೀಟ ಮತ್ತು ಅಡ್ಡಹಾಯ್ದ ಎರಡು ರಾಜದಂಡಗಳ ನಡುವೆ ಬಿ, ಪಿ, ಸಿ ಅಕ್ಷರಗಳು ಅಥವಾ ವಿ ಅಕ್ಷರ ಇರುವ ಮುದ್ರೆಗಳು 1904ರವರೆಗೆ ಬಳಕೆಯಲ್ಲಿದ್ದವು. ಆ ವರ್ಷ ಮುದ್ರೆಗಳ ವಿನ್ಯಾಸ ಬದಲಾಯಿತು. ಆದ್ದರಿಂದ ಹಳೆಯ ವಿನ್ಯಾಸದ ಮುದ್ರೆಯು ನಳಿಗೆಯ ಕಾಲವನ್ನು 1813 ಮತ್ತು 1904ರ ನಡುವೆ ಕಟ್ಟಿಹಾಕುತ್ತದೆ.

ಲಿಯೇಜ್: ಬೆಲ್ಜಿಯಂನ ಈ ನಗರದಲ್ಲಿ ಪರೀಕ್ಷೆಯ ಪದ್ಧತಿ 1672ರಷ್ಟು ಹಳೆಯದು. ಅಂಡಾಕಾರದೊಳಗೆ ಇ, ಎಲ್, ಜಿ ಅಕ್ಷರಗಳಿರುವ ಮುದ್ರೆ ಇಲ್ಲಿಯದು. 1893ರಿಂದ ಅದರ ಮೇಲೆ ಕಿರೀಟವನ್ನು ಸೇರಿಸಲಾಯಿತು. ಲಿಯೇಜ್ ನಗರವು ಜಗತ್ತಿನ ಎಲ್ಲೆಡೆಗೆ ಅಗ್ಗದ ಆಯುಧಗಳನ್ನು ಕಳಿಸುತ್ತಿದ್ದುದರಿಂದ ಈ ಮುದ್ರೆ ಬಹಳ ಸಾಮಾನ್ಯ. ಇಂಗ್ಲೆಂಡಿನ ವೆಬ್ಲಿ ಸಂಸ್ಥೆಯು 1872ರಲ್ಲಿ ತಂದ ಬುಲ್‌ಡಾಗ್ ರಿವಾಲ್ವರಿನ ಅನುಕರಣೆಗಳು ಇಲ್ಲಿ ಅಪಾರ ಸಂಖ್ಯೆಯಲ್ಲಿ ತಯಾರಾದವು. ಮೇಲೆ ಇಂಗ್ಲಿಷ್ ಹೆಸರು, ಒಳಗೆ ಲಿಯೇಜ್ ಮುದ್ರೆ ಇರುವ ಇಂತಹ ರಿವಾಲ್ವರು ಬ್ರಿಟಿಷ್ ತಯಾರಿಕೆಯದಲ್ಲ.

ಮುದ್ರೆಯ ಬಳಿ ಕಾಣುವ ಸಣ್ಣ ಅಂಕಿಯನ್ನು ತಯಾರಿಕೆಯ ವರ್ಷವೆಂದೋ ಕ್ರಮಸಂಖ್ಯೆಯೆಂದೋ ತಪ್ಪಾಗಿ ಓದುವುದುಂಟು. ಬ್ರಿಟಿಷ್ ಆಯುಧಗಳಲ್ಲಿ ಅದು ಹಲವು ಬಾರಿ ನಳಿಗೆಯ ಒಳವ್ಯಾಸದ ಸೂಚಕ. ನಳಿಗೆಗೆ ಹೊಂದುವ ಗಾತ್ರದ ಎಷ್ಟು ಗುಂಡುಗಳು ಒಂದು ಪೌಂಡ್ ಸೀಸದಿಂದ ಆಗುತ್ತವೆ ಎಂಬುದೇ ಆ ಸಂಖ್ಯೆ. 20 ಎಂದಿದ್ದರೆ ಒಳವ್ಯಾಸ ಸುಮಾರು 15.6 ಮಿ.ಮೀ. ಸಂಖ್ಯೆ ಹೆಚ್ಚಿದಂತೆ ನಳಿಗೆ ಕಿರಿದಾಗುತ್ತದೆ.

ಸರ್ಕಾರಿ ಮತ್ತು ಕಂಪನಿ ಮುದ್ರೆಗಳು

ಬ್ರಿಟಿಷ್ ಸೈನ್ಯದ ಆಯುಧಗಳ ಫಲಕದ ಮೇಲೆ ಕಿರೀಟ ಹಾಗೂ ಅರಸರ ಹೆಸರಿನ ಅಕ್ಷರಗಳಿರುತ್ತವೆ. ಜಿ.ಆರ್. ಎಂಬುದು 1714ರಿಂದ 1830ರವರೆಗೆ ಆಳಿದ ನಾಲ್ವರು ಜಾರ್ಜ್ ಅರಸರಲ್ಲಿ ಯಾರದ್ದಾದರೂ ಆಗಬಹುದು. ವಿ.ಆರ್. ಎಂಬುದು ವಿಕ್ಟೋರಿಯಾ ರಾಣಿಯ 1837–1901ರ ಅವಧಿಯದು. ಅಗಲ ತಲೆಯ ಬಾಣವು ಸರ್ಕಾರಿ ಸ್ವತ್ತಿನ ಗುರುತು. ಎರಡು ಬಾಣಗಳ ಮೊನೆಗಳು ಪರಸ್ಪರ ತಾಗುವಂತೆ ಒತ್ತಿದ್ದರೆ ಆ ಆಯುಧವನ್ನು ಸರ್ಕಾರವು ಸೇವೆಯಿಂದ ತೆಗೆದು ಮಾರಿದೆ ಎಂದರ್ಥ. ಹಿರಿಯರು ಯುದ್ಧಭೂಮಿಯಲ್ಲಿ ವಶಪಡಿಸಿಕೊಂಡರೆಂದು ಹೇಳಲಾಗುವ ಪಿಸ್ತೂಲಿನ ಮೇಲೆ ಈ ಜೋಡಿ ಬಾಣ ಇದ್ದರೆ, ಅದು ಮಾರಾಟದ ಮೂಲಕ ಬಂದಿರುವ ಸಾಧ್ಯತೆಯನ್ನು ಮೊದಲು ಪರಿಶೀಲಿಸಬೇಕಾಗುತ್ತದೆ.

ಈಸ್ಟ್ ಇಂಡಿಯಾ ಕಂಪನಿಯ ಆಯುಧಗಳು ಭಾರತದಲ್ಲಿ ಹೆಚ್ಚಾಗಿ ಸಿಗುತ್ತವೆ. ಆರಂಭದಲ್ಲಿ ಅವುಗಳ ಮೇಲೆ ನಾಲ್ಕು ಭಾಗ ಮಾಡಿದ ಹೃದಯಾಕಾರದೊಳಗೆ ಕಂಪನಿಯ ಹೆಸರಿನ ಅಕ್ಷರಗಳಿದ್ದವು. 1808ರಿಂದ ಹಿಂಗಾಲ ಮೇಲೆ ನಿಂತ ಸಿಂಹವು ಆ ಸ್ಥಾನಕ್ಕೆ ಬಂದಿತು. ಹೃದಯದ ಗುರುತಿರುವ ಆಯುಧವು 1799ರ ಶ್ರೀರಂಗಪಟ್ಟಣದ ಯುದ್ಧದ ಕಾಲಕ್ಕೆ ಹೊಂದಬಹುದು. ಸಿಂಹದ ಗುರುತಿರುವ ಫಲಕವು ಆ ಯುದ್ಧವನ್ನು ಕಂಡಿರಲಾರದು.

ಟವರ್ ಎಂಬ ಬರಹವನ್ನು ಮಾತ್ರ ನಂಬಿ ತೀರ್ಮಾನಕ್ಕೆ ಬರಲಾಗದು. ಲಂಡನ್ನಿನ ಟವರ್ ಶಸ್ತ್ರಾಗಾರವನ್ನು ಸೂಚಿಸುವ ಈ ಪದವನ್ನು ಸ್ಥಳೀಯ ಕಮ್ಮಾರರು ಸಹ ನಕಲು ಮಾಡಿದ್ದಾರೆ. ಅಸಮವಾದ ಅಕ್ಷರಗಳು, ತಿರುಗುಮುರುಗಾಗಿ ಕೆತ್ತಿದ ರೋಮನ್ ಲಿಪಿಯ ಎನ್, ಅಂಕುಡೊಂಕಾದ ಕಿರೀಟ ಇವು ನಕಲಿನ ಸಾಮಾನ್ಯ ಲಕ್ಷಣಗಳು. ಖೈಬರ್ ಕಣಿವೆಯ ಪ್ರದೇಶವು ಇಂತಹ ನಕಲುಗಳಿಗೆ ಪ್ರಸಿದ್ಧ. ಬಂಗಾಳದ ನವಾಬ ಮೀರ್ ಕಾಸಿಂ 1760ರ ದಶಕದಲ್ಲಿ ಆಯುಧ ತಯಾರಿಕೆಯನ್ನು ಬೆಳೆಸಿದ ಬಿಹಾರದ ಮುಂಗೇರ್ ಕೂಡ ದೀರ್ಘಕಾಲದ ಕೋವಿ ಕೆಲಸಕ್ಕೆ ಹೆಸರಾಗಿದೆ. ಸ್ಥಳೀಯ ತಯಾರಿಕೆ ಎಂದು ತಿಳಿದುಬಂದ ಮಾತ್ರಕ್ಕೆ ಆಯುಧದ ಐತಿಹಾಸಿಕ ಮಹತ್ತ್ವ ಕಡಿಮೆಯಾಗುವುದಿಲ್ಲ.

ತಯಾರಕರ ಹೆಸರು

ನಳಿಗೆಯ ಮೇಲೆ ಕೆತ್ತಿದ ಹೆಸರು ತಯಾರಕರದ್ದಾಗಿರಬಹುದು, ಮಾರಾಟಗಾರರದ್ದಾಗಿರಬಹುದು ಅಥವಾ ಎರವಲು ಹೆಸರಾಗಿರಬಹುದು. ಲಂಡನ್ನಿನ ಜೋಸೆಫ್ ಮ್ಯಾಂಟನ್‌ರಂತಹ ಖ್ಯಾತರ ಹೆಸರುಗಳನ್ನು ಇತರರು ತಮ್ಮ ಸರಕಿನ ಮೇಲೆ ಕೆತ್ತಿಸಿದ ಉದಾಹರಣೆಗಳಿವೆ. ಫಿಲಡೆಲ್ಫಿಯಾದ ಹೆನ್ರಿ ಡೆರಿಂಜರ್‌ರ ಕಿರುಪಿಸ್ತೂಲು ಎಷ್ಟು ಜನಪ್ರಿಯವಾಯಿತೆಂದರೆ, ಅವರ ಹೆಸರನ್ನೇ ಬಳಸಿದ ನಕಲುಗಳ ವಿರುದ್ಧ ಹೂಡಿದ ದಾವೆಯು 1865ರಲ್ಲಿ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯದಲ್ಲಿ ತೀರ್ಮಾನವಾಯಿತು.

ಹಿಡಿಗೆ ಬೆಳ್ಳಿಯ ಕಟ್ಟು ಇದ್ದಲ್ಲಿ ಇನ್ನೊಂದು ಆಧಾರ ದೊರೆಯುತ್ತದೆ. ಬ್ರಿಟಿಷ್ ಬೆಳ್ಳಿಯ ಶುದ್ಧತೆಯ ಮುದ್ರೆಗಳಲ್ಲಿ ವರ್ಷವನ್ನು ಸೂಚಿಸುವ ಅಕ್ಷರವೂ ಸೇರಿರುವುದರಿಂದ ಬೆಳ್ಳಿಯ ಕೆಲಸದ ವರ್ಷವನ್ನು ಬಹುಮಟ್ಟಿಗೆ ನಿಖರವಾಗಿ ಹೇಳಬಹುದು. ಆದರೆ ಈ ವರ್ಷ ಬೆಳ್ಳಿಯದು. ನಳಿಗೆಯದೂ ಅದೇ ಎಂದು ಹೇಳಲು ಬೇರೆ ಆಧಾರ ಬೇಕು.

ಕ್ರಮಸಂಖ್ಯೆ ಮತ್ತು ದಾಖಲೆಗಳು

ಕಾರ್ಖಾನೆಗಳಲ್ಲಿ ತಯಾರಾದ ಆಯುಧಗಳಿಗೆ ಕ್ರಮಸಂಖ್ಯೆಯೇ ಮುಖ್ಯ ಆಧಾರ. ಕೋಲ್ಟ್ ರಿವಾಲ್ವರುಗಳಲ್ಲಿ ಒಂದೇ ಸಂಖ್ಯೆಯನ್ನು ಹಲವು ಭಾಗಗಳ ಮೇಲೆ ಒತ್ತಲಾಗುತ್ತಿತ್ತು. ಸಂಖ್ಯೆಗಳು ಹೊಂದದಿದ್ದರೆ ಭಾಗಗಳು ಬದಲಾಗಿವೆ ಎಂದು ತಿಳಿಯಬೇಕು. ಕೋಲ್ಟ್ ಸಂಸ್ಥೆಯು 1853ರಿಂದ 1856ರವರೆಗೆ ಲಂಡನ್ನಿನಲ್ಲಿಯೂ ಕಾರ್ಖಾನೆ ನಡೆಸಿತು. ನಳಿಗೆಯ ಮೇಲಿನ ವಿಳಾಸದಿಂದ ಆ ರಿವಾಲ್ವರುಗಳನ್ನು ಗುರುತಿಸಬಹುದು. ಕೋಲ್ಟ್ ಮತ್ತು ಸ್ಮಿತ್ ಅಂಡ್ ವೆಸ್ಸನ್ ಆಯುಧಗಳ ಕ್ರಮಸಂಖ್ಯೆಯ ಆಧಾರದಲ್ಲಿ, ಅವು ಯಾವಾಗ ಮತ್ತು ಯಾರಿಗೆ ರವಾನೆಯಾದವೆಂದು ತಿಳಿಸುವ ಪ್ರಮಾಣಪತ್ರವನ್ನು ಶುಲ್ಕ ತೆತ್ತು ಪಡೆಯುವ ವ್ಯವಸ್ಥೆಯಿದೆ.

ಮಾರಾಟಗಾರರ ಲೆಕ್ಕಪುಸ್ತಕ ಎಷ್ಟು ಮುಖ್ಯವೆಂಬುದಕ್ಕೆ ಕಲ್ಕತ್ತೆಯ ರೊಡ್ಡಾ ಕಂಪನಿಯ ಪ್ರಕರಣವು ಭಾರತದ ಪ್ರಸಿದ್ಧ ನಿದರ್ಶನ. 1914ರ ಆಗಸ್ಟ್ 26ರಂದು ಕಂಪನಿಯ ಗುಮಾಸ್ತ ಶ್ರೀಶಚಂದ್ರ ಮಿತ್ರರು ಸುಂಕದ ಕಟ್ಟೆಯಿಂದ 202 ಪೆಟ್ಟಿಗೆಗಳನ್ನು ಬಿಡಿಸಿಕೊಂಡು 192ನ್ನು ಮಾತ್ರ ಗೋದಾಮಿಗೆ ತಲುಪಿಸಿದರು. ಉಳಿದ 10 ಪೆಟ್ಟಿಗೆಗಳಲ್ಲಿದ್ದ 50 ಮೌಸರ್ ಪಿಸ್ತೂಲುಗಳು ಮತ್ತು 46,000 ತೋಟಾಗಳು ಬಂಗಾಳದ ಕ್ರಾಂತಿಕಾರಿಗಳ ಕೈ ಸೇರಿದವು. ಪ್ರತಿ ಪಿಸ್ತೂಲಿನ ಸಂಖ್ಯೆಯೂ ಕಂಪನಿಯ ದಾಖಲೆಯಲ್ಲಿದ್ದುದರಿಂದ, ನಂತರ ಸಿಕ್ಕಿಬಿದ್ದ ಪಿಸ್ತೂಲುಗಳನ್ನು ಪೊಲೀಸರು ಈ ಸರಕಿನವೆಂದು ಗುರುತಿಸಿದರು. 44 ಪಿಸ್ತೂಲುಗಳು ಕೂಡಲೇ 9 ಗುಂಪುಗಳಿಗೆ ಹಂಚಿಕೆಯಾದುವೆಂದೂ, 31 ಪಿಸ್ತೂಲುಗಳು ಮರಳಿ ಸಿಕ್ಕಿದುವೆಂದೂ ನ್ಯಾಯಮೂರ್ತಿ ರೌಲಟ್ ನೇತೃತ್ವದ ಸಮಿತಿ 1918ರ ವರದಿಯಲ್ಲಿ ದಾಖಲಿಸಿತು.

ಛಾಯಾಚಿತ್ರವೂ ದಾಖಲೆಯೇ. ಅಬ್ರಹಾಂ ಲಿಂಕನ್‌ರ ಹತ್ಯೆಗೆ ಬಳಕೆಯಾದ ಡೆರಿಂಜರ್ ಪಿಸ್ತೂಲು ವಾಷಿಂಗ್ಟನ್ನಿನ ಫೋರ್ಡ್ ರಂಗಮಂದಿರದ ಸಂಗ್ರಹಾಲಯದಲ್ಲಿದೆ. ಅಸಲು ಪಿಸ್ತೂಲನ್ನು ಕದ್ದು ನಕಲನ್ನು ಇರಿಸಲಾಗಿದೆ ಎಂಬ ಮಾತು ಹಬ್ಬಿದಾಗ, 1997ರಲ್ಲಿ ಅಮೆರಿಕದ ಎಫ್.ಬಿ.ಐ. ಪ್ರಯೋಗಾಲಯವು 1930ರ ದಶಕದ ಛಾಯಾಚಿತ್ರಗಳೊಡನೆ ಅದನ್ನು ಹೋಲಿಸಿತು. ಹಿಡಿಯ ಮರದ ಎಳೆಗಳ ವಿನ್ಯಾಸ ಮತ್ತು ಬಿರುಕು ಹೊಂದಿಕೆಯಾದ್ದರಿಂದ ಪಿಸ್ತೂಲು ಅಸಲಿಯೆಂದು ತೀರ್ಮಾನವಾಯಿತು. ಯಂತ್ರಭಾಗಗಳನ್ನು ಬದಲಿಸಬಹುದು, ಒಂದು ಮರದ ಎಳೆ ಇನ್ನೊಂದರಲ್ಲಿ ಹಾಗೆಯೇ ಮೂಡುವುದಿಲ್ಲ.

ಮೈಸೂರಿನ ಆಯುಧಗಳು

ಟಿಪ್ಪು ಸುಲ್ತಾನನ ಕಾಲದ ಮೈಸೂರು ರಾಜ್ಯದಲ್ಲಿ ಯೂರೋಪಿನ ಮಟ್ಟದ ಚಕಮಕಿ ಕೋವಿ ಮತ್ತು ಪಿಸ್ತೂಲುಗಳು ತಯಾರಾಗುತ್ತಿದ್ದವು. ಶ್ರೀರಂಗಪಟ್ಟಣದ ರಾಜಕಾರ್ಖಾನೆಯ ಕೆಲಸದಲ್ಲಿ ಹುಲಿಯ ತಲೆಯ ಆಕೃತಿಗಳು ಮತ್ತು ಬಬ್ರಿ ಎಂಬ ಹುಲಿಪಟ್ಟೆಯ ಅಲಂಕಾರ ಎದ್ದುಕಾಣುತ್ತವೆ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಅರಮನೆಯ ಸ್ವತ್ತುಗಳು ಸೈನ್ಯದ ಕೊಳ್ಳೆಯಾಗಿ ಹಂಚಿಹೋದವು, ಹಲವು ಆಯುಧಗಳು ಬ್ರಿಟನ್ನಿನ ಮನೆತನಗಳನ್ನು ಸೇರಿದವು.

ಈ ಆಯುಧಗಳ ಮೇಲಿನ ವರ್ಷವನ್ನು ಓದುವಾಗ ಯಾವ ಶಕೆಯೆಂಬುದು ತಿಳಿದಿರಬೇಕು. ಟಿಪ್ಪು 1780ರ ದಶಕದ ಉತ್ತರಾರ್ಧದಲ್ಲಿ ಪ್ರವಾದಿಯವರ ಜನನದಿಂದ ಎಣಿಸುವ ಮೌಲೂದಿ ಶಕೆಯನ್ನು ಜಾರಿಗೆ ತಂದನು. ಅವನ ನಾಣ್ಯಗಳಲ್ಲಿ ಈ ಶಕೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಮೌಲೂದಿ 1222 ಎಂದರೆ ಸುಮಾರು 1794. ಅದೇ ಸಂಖ್ಯೆಯನ್ನು ಹಿಜರಿ ವರ್ಷವೆಂದು ಓದಿದರೆ 1807 ಆಗುತ್ತದೆ. ಟಿಪ್ಪು ಮಡಿದು ಅಷ್ಟರಲ್ಲಿ ಎಂಟು ವರ್ಷಗಳಾಗಿದ್ದವು. ಶಕೆಯನ್ನು ತಪ್ಪಾಗಿ ತಿಳಿದರೆ ಅಸಲಿ ಆಯುಧವನ್ನೇ ನಕಲಿಯೆಂದು ತಳ್ಳಿಹಾಕುವಂತಾಗುತ್ತದೆ.

2019ರ ಮಾರ್ಚಿನಲ್ಲಿ ಇಂಗ್ಲೆಂಡಿನಲ್ಲಿ ಹರಾಜಾದ ಟಿಪ್ಪುವಿನ ಶಸ್ತ್ರಾಗಾರದ ಕೋವಿಯೊಂದು ಮೂಲಶೋಧನೆಯ ಎರಡು ಪ್ರಶ್ನೆಗಳೂ ಕೂಡಿಬಂದ ನಿದರ್ಶನ. ಬೆಳ್ಳಿಯ ಕಟ್ಟುಗಳಿದ್ದ ಈ ಚಕಮಕಿ ಕೋವಿಯು ಬರ್ಕ್‌ಷೈರಿನ ಮನೆಯೊಂದರ ಅಟ್ಟದಲ್ಲಿತ್ತು. ಆ ಕುಟುಂಬದ ಪೂರ್ವಜರಾದ ಮೇಜರ್ ಥಾಮಸ್ ಹಾರ್ಟ್ ಕಂಪನಿಯ ಸೇವೆಯಲ್ಲಿದ್ದವರು. ಕೋವಿಯ ಶೈಲಿ ತಯಾರಿಕೆಯ ಪ್ರಶ್ನೆಗೆ ಉತ್ತರವಾದರೆ, ಹಾರ್ಟ್ ಅವರ ವಂಶಾವಳಿ ಒಡೆತನದ ಪ್ರಶ್ನೆಗೆ ಉತ್ತರವಾಯಿತು. ಕೋವಿ 60,000 ಪೌಂಡುಗಳಿಗೆ ಮಾರಾಟವಾಯಿತು. ಇಂತಹ ಬೆಲೆಗಳ ಕಾರಣದಿಂದ ಸಾಮಾನ್ಯ ಕೋವಿಗಳಿಗೆ ಹುಲಿಯ ಗುರುತು ಸೇರಿಸುವ ಆಮಿಷವೂ ಇರುತ್ತದೆ. ಮನೆತನದ ಇತಿಹಾಸವಿಲ್ಲದೆ ಕೇವಲ ಅಲಂಕಾರದ ಆಧಾರದಲ್ಲಿ ಟಿಪ್ಪುವಿನದೆಂದು ಹೇಳುವ ಆಯುಧಗಳನ್ನು ಎಚ್ಚರದಿಂದ ನೋಡಬೇಕು.

ಮನೆತನದ ಕಥನದ ಪರಿಶೀಲನೆ

ತಲೆಮಾರುಗಳು ಕಳೆದಂತೆ ಕಥನದಲ್ಲಿ ಹೆಸರುಗಳು ದೊಡ್ಡವಾಗುವುದು, ಎರಡು ಘಟನೆಗಳು ಒಂದಾಗುವುದು ಸಹಜ. ಹೀಗಾಗಿ ಕಥನವನ್ನು ಪರಿಶೀಲಿಸಬಹುದಾದ ಸಣ್ಣ ಹೇಳಿಕೆಗಳಾಗಿ ಬಿಡಿಸಿಕೊಳ್ಳುವುದು ವಾಡಿಕೆ. ಉದಾಹರಣೆಗೆ, 1857ರಲ್ಲಿ ಮುತ್ತಜ್ಜನಿಗೆ ಇಂಗ್ಲಿಷ್ ಅಧಿಕಾರಿಯಿಂದ ದೊರೆತ ಪಿಸ್ತೂಲು ಎಂಬ ಮಾತಿನಲ್ಲಿ ವರ್ಷ, ಪಡೆದವರು, ಕೊಟ್ಟವರು, ವಸ್ತು ಎಂಬ ನಾಲ್ಕು ಹೇಳಿಕೆಗಳಿವೆ. ಲಿಯೇಜ್ ಮುದ್ರೆಯ ಮೇಲೆ ಕಿರೀಟವಿದ್ದರೆ ಆ ನಳಿಗೆಯ ಪರೀಕ್ಷೆ 1893ಕ್ಕಿಂತ ಮೊದಲು ನಡೆದದ್ದಲ್ಲ. ಆಗ ವರ್ಷ ಮತ್ತು ವಸ್ತು ಹೊಂದುವುದಿಲ್ಲ. ಆದರೂ ಮುತ್ತಜ್ಜನಿಗೆ ಒಂದು ಪಿಸ್ತೂಲು ದೊರೆತದ್ದು ನಿಜವಿದ್ದು, ಅದು ಕಳೆದುಹೋದ ಮೇಲೆ ಇನ್ನೊಂದು ಅದರ ಸ್ಥಾನಕ್ಕೆ ಬಂದಿರಬಹುದು. ಒಂದು ಹೇಳಿಕೆ ಬಿದ್ದುಹೋದರೆ ಇಡೀ ಕಥನವೇ ಸುಳ್ಳಾಗುವುದಿಲ್ಲ.

ಹಳೆಯ ಲೈಸೆನ್ಸ್ ಪುಸ್ತಕಗಳು ಈ ಹಂತದಲ್ಲಿ ಬಹಳ ಉಪಯುಕ್ತ. 1878ರ ಶಸ್ತ್ರಾಸ್ತ್ರ ಕಾಯಿದೆಯು ಭಾರತೀಯರಿಗೆ ಪರವಾನಗಿಯನ್ನು ಕಡ್ಡಾಯಗೊಳಿಸಿತ್ತು. ಮರಣಶಾಸನ, ವಿಭಾಗಪತ್ರ, ಕೋವಿ ಅಂಗಡಿಯ ರಸೀದಿ ಮತ್ತು ಹಿರಿಯರ ಭಾವಚಿತ್ರಗಳೂ ಆಧಾರವಾಗುತ್ತವೆ. ಕಂಪನಿಯ ಅಧಿಕಾರಿಗಳ ಸೇವಾ ವಿವರಗಳು ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ಮೈಸೂರು ಸಂಸ್ಥಾನದ ಆಡಳಿತ ದಾಖಲೆಗಳಿಗೆ ಕರ್ನಾಟಕ ರಾಜ್ಯ ಪತ್ರಾಗಾರವನ್ನು ನೋಡಬೇಕು.

ಕಾನೂನು

ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯ 45ನೆಯ ಪ್ರಕರಣವು ಬಳಕೆ ತಪ್ಪಿದ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಗಳಿಗೆ ವಿನಾಯಿತಿ ನೀಡುತ್ತದೆ. ಆದರೆ ಅವು ದುರಸ್ತಿ ಮಾಡಿದರೂ ಮಾಡದಿದ್ದರೂ ಕೋವಿಯಾಗಿ ಬಳಸಲು ಬಾರದಂತಿರಬೇಕು. ಹೀಗಾಗಿ ಹಳತಾಗಿರುವುದು ಒಂದೇ ಸಾಲದು. ಮುರಿದ ಸ್ಪ್ರಿಂಗನ್ನು ಬದಲಿಸಿದರೆ ಸಿಡಿಯುವ ಕೇಪಿನ ಪಿಸ್ತೂಲು, ನೂರು ವರ್ಷ ದಾಟಿದರೂ ಕೆಲಸ ಮಾಡುವ ಮೌಸರ್ ಇವು ಈ ವಿನಾಯಿತಿಗೆ ಒಳಪಡುವುದಿಲ್ಲ. ಪರವಾನಗಿದಾರರು ತೀರಿಕೊಂಡಾಗ ವಾರಸುದಾರರು ತಡಮಾಡದೆ ಆಯುಧವನ್ನು ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ವ್ಯಾಪಾರಿಯ ಬಳಿ ಒಪ್ಪಿಸಿ, ತಮ್ಮ ಹೆಸರಿಗೆ ಪರವಾನಗಿ ಕೋರಬಹುದು. 2019ರ ತಿದ್ದುಪಡಿಯು ಒಬ್ಬರು ಹೊಂದಬಹುದಾದ ಕೋವಿಗಳ ಮಿತಿಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ಪಿತ್ರಾರ್ಜಿತ ಆಯುಧಗಳಿಗೂ ಈ ಮಿತಿ ಅನ್ವಯಿಸುತ್ತದೆ.

ಕನಿಷ್ಠ ನೂರು ವರ್ಷ ಹಳೆಯದಾದ ಐತಿಹಾಸಿಕ ವಸ್ತುಗಳು 1972ರ ಪ್ರಾಚೀನ ವಸ್ತುಗಳು ಮತ್ತು ಕಲಾನಿಧಿಗಳ ಕಾಯಿದೆಯ ವ್ಯಾಪ್ತಿಗೂ ಬರುತ್ತವೆ. ಅಂತಹ ವಸ್ತುಗಳನ್ನು ಖಾಸಗಿ ವ್ಯಕ್ತಿಗಳು ವಿದೇಶಕ್ಕೆ ಸಾಗಿಸುವಂತಿಲ್ಲ.

ಪುರಾತನ ಎಂಬ ಪದದ ಕಾನೂನಿನ ಅರ್ಥ ದೇಶದಿಂದ ದೇಶಕ್ಕೆ ಬೇರೆಯಾಗುತ್ತದೆ. ಅಮೆರಿಕದ 1968ರ ಕಾಯಿದೆಯು 1898ರಲ್ಲಿ ಅಥವಾ ಅದಕ್ಕೂ ಮೊದಲು ತಯಾರಾದ ಆಯುಧಗಳನ್ನು ಪುರಾತನವೆಂದು ಪರಿಗಣಿಸುತ್ತದೆ. ಬ್ರಿಟನ್ನಿನಲ್ಲಿ 2021ರ ನಿಯಮಗಳು ತಯಾರಿಕೆಯ ಕಾಲದ ಜೊತೆಗೆ ಸಿಡಿಸುವ ವಿಧಾನ ಮತ್ತು ತೋಟಾದ ಬಗೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ.

ದಾಖಲಾತಿ ಮತ್ತು ಸಂರಕ್ಷಣೆ

ಶೋಧನೆಯ ಫಲಿತಾಂಶವನ್ನು ಬರೆದಿಡುವಾಗ ಕಣ್ಣಿಗೆ ಕಂಡದ್ದು, ದಾಖಲೆಯಲ್ಲಿ ಇರುವುದು ಮತ್ತು ಮನೆಯವರು ಹೇಳಿದ್ದು ಎಂದು ಮೂರು ಭಾಗಗಳಾಗಿ ಬೇರ್ಪಡಿಸುವುದು ಒಳ್ಳೆಯ ಪದ್ಧತಿ. ಹೇಳಿದವರ ಹೆಸರು ಮತ್ತು ದಿನಾಂಕವನ್ನೂ ನಮೂದಿಸಬೇಕು. ಆಯುಧದೊಡನೆ ಬಂದ ಪೆಟ್ಟಿಗೆ, ಮದ್ದಿನ ಕುಪ್ಪಿ, ಗುಂಡು ಎರಕದ ಅಚ್ಚು, ಹಳೆಯ ಚೀಟಿಗಳನ್ನು ಬೇರ್ಪಡಿಸಬಾರದು. ತೇವವಿಲ್ಲದ ಸ್ಥಳದಲ್ಲಿ, ಆಮ್ಲವಿಲ್ಲದ ಕಾಗದ ಅಥವಾ ಹತ್ತಿಬಟ್ಟೆಯಲ್ಲಿ ಆಯುಧವನ್ನು ಇರಿಸಬೇಕು. ಬರಿಗೈಯ ಬೆವರಿನ ಉಪ್ಪು ಉಕ್ಕಿಗೆ ತುಕ್ಕು ತರುವುದರಿಂದ ಕೈಗವಸು ಧರಿಸಿ ಮುಟ್ಟಬೇಕು. ಚರ್ಮದ ಒರೆಯೊಳಗೆ ಬಹುಕಾಲ ಇಟ್ಟರೂ ಲೋಹ ಕೆಡುತ್ತದೆ. ಒರೆಯನ್ನು ಪಕ್ಕದಲ್ಲಿ ಪ್ರತ್ಯೇಕವಾಗಿ ಇರಿಸುವುದು ಸೂಕ್ತ.